ನವೆಂಬರ್ ಕೊನೆಗೆ ಮದುವೆ, ಹನಿಮೂನ್‌ಗೆ ಅಂಡಮಾನ್: ಈ 7 ದಿನದ ಪ್ಲ್ಯಾನ್ ಸರಿ ಇದೆಯಾ?

ಬಸವನಗುಡಿ_ಜೋಡಿ

ನಮಸ್ಕಾರ. ನವೆಂಬರ್ ಕೊನೇ ಭಾನುವಾರ ಮದುವೆ, ಬುಧವಾರ ಬೀಗರೂಟ. ಗುರುವಾರ ಬೆಳಗಿನ ಜಾವದ ವಿಮಾನಕ್ಕೆ ಅಂಡಮಾನ್‌ಗೆ ಹೊರಡೋಣ ಅಂತಿದೀವಿ. ಟಿಕೆಟ್ ಇನ್ನೂ ಮಾಡಿಸಿಲ್ಲ. ಟ್ರಾವೆಲ್ಸ್‌ನವರು ಕೊಟ್ಟಿರೋ ಪ್ಲ್ಯಾನ್ ಇದು:

1ನೇ ದಿನ ಬೆಂಗಳೂರಿಂದ ಪೋರ್ಟ್ ಬ್ಲೇರ್, ಅವತ್ತೇ ಮಧ್ಯಾಹ್ನದ ಫೆರಿಯಲ್ಲಿ (ದ್ವೀಪಗಳ ನಡುವೆ ಓಡೋ ಹಡಗು) ಹ್ಯಾವ್‌ಲಾಕ್. ಅಲ್ಲಿ 4 ರಾತ್ರಿ. 5ನೇ ದಿನ ನೀಲ್ ದ್ವೀಪ, ಅಲ್ಲಿ 2 ರಾತ್ರಿ. 6ನೇ ದಿನ ಮಧ್ಯಾಹ್ನ ನೀಲ್‌ನಲ್ಲೇ ಸ್ಕೂಬಾ. 7ನೇ ದಿನ ಬೆಳಗ್ಗೆ ಫೆರಿ, ಮಧ್ಯಾಹ್ನ 1 ಗಂಟೆಗೆ ವಾಪಸ್ ವಿಮಾನ.

ನಮ್ಮಿಬ್ಬರಲ್ಲಿ ಒಬ್ಬರಿಗೆ ಈಜು ಬರಲ್ಲ. ಇಬ್ಬರೂ ಸಸ್ಯಾಹಾರಿಗಳು. ತಾಳಿ, ಹಸಿರು ಬಳೆ, ಕಾಲುಂಗುರ ಹಾಕಿಕೊಂಡು ನೀರಿಗೆ ಇಳಿಯೋದು ಹೇಗೆ ಅನ್ನೋದೂ ಗೊತ್ತಾಗ್ತಿಲ್ಲ. "ಇದೇ ದುಡ್ಡಿಗೆ ಮಾಲ್ಡೀವ್ಸ್ ಆಗತ್ತೆ" ಅಂತ ಮನೇಲಿ ಒಬ್ಬರು ಹೇಳ್ತಿದಾರೆ, ಅದು ನಿಜವಾ? ತಿಳಿದವರು ದಯವಿಟ್ಟು ಹೇಳಿ.

ತೀರದ_ದಾರಿ

ಮೊದಲಿಗೆ ಇಬ್ಬರಿಗೂ ಶುಭಾಶಯ. ಟಿಕೆಟ್ ಮಾಡಿಸುವ ಮುಂಚೆ ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಈ ಪ್ಲ್ಯಾನಿನ ಮೊದಲ ದಿನ ಮತ್ತು ಕೊನೆಯ ದಿನ ಎರಡೂ ಅಪಾಯದಲ್ಲಿವೆ.

ವಿಮಾನವನ್ನೂ ಫೆರಿಯನ್ನೂ ಒಂದೇ ದಿನಕ್ಕೆ ಹಾಕಿಸಬೇಡಿ. ವಿಮಾನ ಒಂದೂವರೆ ಗಂಟೆ ತಡವಾದರೆ ಮಧ್ಯಾಹ್ನದ ಫೆರಿ ತಪ್ಪುತ್ತದೆ. ಅದು ತಪ್ಪಿದರೆ ಹ್ಯಾವ್‌ಲಾಕ್‌ನ ಮೊದಲ ರಾತ್ರಿಯ ರೂಮಿನ ದುಡ್ಡೂ ಹೋಯಿತು. ವಾಪಸ್ ಬರುವಾಗ ಇನ್ನೂ ಕಷ್ಟ. ಹವಾಮಾನ ಕೆಟ್ಟರೆ ಬಂದರಿನವರು ಫೆರಿಗಳನ್ನು ಬಿಡುವುದಿಲ್ಲ. ಫೆರಿ ಕಂಪನಿ ತನ್ನ ಟಿಕೆಟ್ಟಿನ ದುಡ್ಡು ಹಿಂದಿರುಗಿಸುತ್ತದೆ, ಆದರೆ ನೀವು ತಪ್ಪಿಸಿಕೊಂಡ ವಿಮಾನಕ್ಕೆ ಯಾರೂ ಹೊಣೆಯಲ್ಲ. ನೀವು ಹೋಗುವ ಹೊತ್ತು ಈಶಾನ್ಯ ಮಾರುತದ ಕಾಲ, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಏಳುವ ತಿಂಗಳು. 2016ರ ಡಿಸೆಂಬರ್ ಮೊದಲ ವಾರ ಹೀಗೇ ಆಗಿ, ಹ್ಯಾವ್‌ಲಾಕ್ ಮತ್ತು ನೀಲ್‌ನಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಹಾಕಿಕೊಂಡಿದ್ದರು. ನೌಕಾಪಡೆಯ ಹಡಗು ಹೋಗಿ ಕರೆತರಬೇಕಾಯಿತು. ಪ್ರತಿ ವರ್ಷ ಅಷ್ಟು ಆಗುವುದಿಲ್ಲ, ಆದರೆ ಒಂದು ದಿನ ಫೆರಿ ನಿಲ್ಲುವುದು ಅಪರೂಪವೇನಲ್ಲ.

ಹಾಗಾಗಿ ಮೊದಲ ರಾತ್ರಿ ಮತ್ತು ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರಲಿ. ನಡುವೆ ಹ್ಯಾವ್‌ಲಾಕ್ 3 ರಾತ್ರಿ, ನೀಲ್ 1 ರಾತ್ರಿ. ನೀಲ್ ಚಿಕ್ಕ ದ್ವೀಪ, ಬೆಳಗಿನ ಫೆರಿಗೆ ಹೋದರೆ ಒಂದೂವರೆ ದಿನ ಸಿಗುತ್ತದೆ, ಸಾಕು. ಮೊದಲ ದಿನ ಸುಸ್ತಾಗಿಯೇ ಇರುತ್ತೀರಿ. ಊಟ ಮಾಡಿ ಮಲಗಿ, ಮಧ್ಯಾಹ್ನ ಸೆಲ್ಯುಲರ್ ಜೈಲು ನೋಡಿ, ಸಂಜೆ ಅಲ್ಲೇ ಧ್ವನಿ-ಬೆಳಕಿನ ಕಾರ್ಯಕ್ರಮ ಮುಗಿಸಿ. ಬಾರಾಟಾಂಗ್ ಸುಣ್ಣದ ಕಲ್ಲಿನ ಗುಹೆ ಅಂತ ಯಾರಾದರೂ ಸೇರಿಸಿದರೆ ಬೇಡ ಅನ್ನಿ. ರಾತ್ರಿ 3ಕ್ಕೆ ಎದ್ದು ಹೊರಡಬೇಕು, ಬೆಂಗಾವಲಿನ ಸಾಲಿನಲ್ಲಿ ಕಾಯಬೇಕು. ದಾರಿ ಹಾದುಹೋಗುವುದು ಅಲ್ಲಿನ ಆದಿವಾಸಿಗಳಾದ ಜಾರವಾ ಜನರ ಕಾಡಿನೊಳಗೆ. ಅದು ಅವರ ಮನೆ, ನಮ್ಮ ಸೈಟ್‌ಸೀಯಿಂಗ್ ಅಲ್ಲ. ಅಲ್ಲಿ ಫೋಟೋ ತೆಗೆಯುವುದೂ ಅಪರಾಧ.

ಟಿಕೆಟ್ಟಿನಲ್ಲಿ ಹೆಸರು ನೋಡಿ ಗಾಬರಿಯಾಗಬೇಡಿ. ಪೋರ್ಟ್ ಬ್ಲೇರ್‌ಗೆ 2024ರಿಂದ ಶ್ರೀ ವಿಜಯ ಪುರಂ ಅಂತ ಹೆಸರು. ಹ್ಯಾವ್‌ಲಾಕ್ 2018ರಿಂದ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ. ಕೆಲವು ಕಡೆ ಹಳೆಯದು, ಕೆಲವು ಕಡೆ ಹೊಸದು ಅಚ್ಚಾಗಿರುತ್ತದೆ.

ಮಕ್ರೂಜ್, ನಾಟಿಕಾ, ಗ್ರೀನ್ ಓಷನ್ ಇವೆಲ್ಲ ಖಾಸಗಿ ಫೆರಿಗಳು. ವೇಗದ ಖಾಸಗಿ ಫೆರಿ ಹ್ಯಾವ್‌ಲಾಕ್‌ಗೆ ಸುಮಾರು ಒಂದೂವರೆ ಗಂಟೆ ತೆಗೆದುಕೊಳ್ಳುತ್ತದೆ, ಸರ್ಕಾರಿ ಹಡಗು ಎರಡರಿಂದ ಎರಡೂವರೆ ಗಂಟೆ. ಪ್ಯಾಕೇಜಿನ ಕಾಗದದಲ್ಲಿ ಬರೀ "ಫೆರಿ" ಅಂತ ಬರೆದಿದ್ದರೆ ಒಪ್ಪಬೇಡಿ: ಯಾವ ಫೆರಿ, ಯಾವ ದರ್ಜೆ, ಎಷ್ಟು ಗಂಟೆಗೆ ಅಂತ ಬರೆಸಿಕೊಳ್ಳಿ. ಹೋಟೆಲಿನ ಹೆಸರಿನ ಪಕ್ಕ "ಅಥವಾ ಅದಕ್ಕೆ ಸಮಾನವಾದದ್ದು" ಅಂತ ಇದ್ದರೆ ಅದನ್ನು ಹೊಡೆದು ಹಾಕಿಸಿ. ಹೂವಿನ ಹಾಸಿಗೆ, ಕೇಕ್, ಕ್ಯಾಂಡಲ್ ಊಟ ಇವನ್ನೆಲ್ಲ ದೊಡ್ಡ ಅಕ್ಷರದಲ್ಲಿ ಬರೆದು ರೂಮನ್ನು ದಡದಿಂದ ಎರಡು ಕಿಲೋಮೀಟರ್ ದೂರದಲ್ಲಿ ಕೊಡುವುದು ಈ ವ್ಯಾಪಾರದಲ್ಲಿ ಮಾಮೂಲು. ದುಡ್ಡು ಹಾಕಬೇಕಾದದ್ದು ರೂಮಿನ ಜಾಗಕ್ಕೆ, ಹೂವಿಗಲ್ಲ.

ಇನ್ನೊಂದು ಮುಖ್ಯ ವಿಷಯ. ಪೋರ್ಟ್ ಬ್ಲೇರ್ ಬೆಂಗಳೂರಿಗಿಂತ ಸುಮಾರು 15 ಡಿಗ್ರಿ ಪೂರ್ವಕ್ಕಿದೆ, ಗಡಿಯಾರ ಮಾತ್ರ ಒಂದೇ. ಅಂದರೆ ಸೂರ್ಯ ಅಲ್ಲಿ ಒಂದು ಗಂಟೆ ಮುಂದೆ. ನೀವು ಹೋಗುವ ಹೊತ್ತಿಗೆ ಸಂಜೆ 5ರೊಳಗೇ ಮುಳುಗಿಬಿಡುತ್ತಾನೆ. ಹ್ಯಾವ್‌ಲಾಕ್‌ನ ರಾಧಾನಗರ ಬೀಚಿನ ಸೂರ್ಯಾಸ್ತಕ್ಕೆ ಐದು ಗಂಟೆಗೆ ರೂಮಿನಿಂದ ಹೊರಟವರಿಗೆ ಸಿಗುವುದು ಕತ್ತಲೆ. ಮೂರೂವರೆಗೇ ಮರಳಿನ ಮೇಲಿರಬೇಕು. ಬೆಳಗ್ಗೆ 7 ಅಂದರೆ ಅಲ್ಲಿ ಬಿಸಿಲು ಬಲಿತಿರುತ್ತದೆ, ಬೀಚಿಗೆ ಐದೂವರೆಗೇ ಹೋಗಿ.

ಸ್ಕೂಬಾ 6ನೇ ದಿನ ಖಂಡಿತ ಬೇಡ, ವಿಮಾನಕ್ಕೆ 24 ಗಂಟೆ ಅಂತರ ಬೇಕು.

ಹನ್ನೆರಡು_ಮೀಟರ್

ಮೇಲಿನವರ ಕೊನೆಯ ಸಾಲಿಗೆ ಒಂದು ತಿದ್ದುಪಡಿ. ಡೈವರ್‌ಗಳ ಸುರಕ್ಷತಾ ಸಂಸ್ಥೆ ಡ್ಯಾನ್ ಹೇಳುವುದು ಹೀಗೆ: ಒಂದೇ ಒಂದು ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಮಾಡಿದ್ದರೆ ಕನಿಷ್ಠ 18 ಗಂಟೆ ಕಳೆದ ಮೇಲೆ ವಿಮಾನ ಹತ್ತಬಹುದು. ಅನೇಕ ಸೆಂಟರ್‌ಗಳು ಸುಲಭಕ್ಕೆ 24 ಅಂತ ಹೇಳುತ್ತವೆ, ಅದರಲ್ಲಿ ತಪ್ಪಿಲ್ಲ. ಕಾರಣ ಏನೆಂದರೆ, ಒತ್ತಡದಲ್ಲಿ ಉಸಿರಾಡಿದಾಗ ರಕ್ತದಲ್ಲಿ ಕರಗಿದ ಸಾರಜನಕ ನಿಧಾನವಾಗಿ ಹೊರಹೋಗಬೇಕು. ಅಷ್ಟರಲ್ಲಿ ವಿಮಾನದ ಕಡಿಮೆ ಒತ್ತಡಕ್ಕೆ ಹೋದರೆ ಅದು ಮೈಯೊಳಗೇ ಗುಳ್ಳೆಯಾಗುತ್ತದೆ.

ಆದರೆ 6ನೇ ದಿನ ಬೇಡ ಅನ್ನುವ ಸಲಹೆ ಸರಿಯೇ. ಕಾರಣ ಬೇರೆ: ಅವತ್ತು ಗಾಳಿ ಜೋರಾಗಿದ್ದರೆ ಮರುದಿನ ಅಂತ ಇರುವುದಿಲ್ಲ. ಸ್ಕೂಬಾವನ್ನು ಹ್ಯಾವ್‌ಲಾಕ್‌ನ ಮೊದಲ ಪೂರ್ತಿ ದಿನಕ್ಕೆ ಹಾಕಿ, ಬೆಳಗಿನ ಮೊದಲ ಬ್ಯಾಚಿನಲ್ಲಿ. ಸಾಮಾನ್ಯವಾಗಿ ಬೆಳಗ್ಗೆ ಗಾಳಿ ಕಡಿಮೆ, ನೀರು ತಿಳಿ. ಅವತ್ತು ಆಗದಿದ್ದರೆ ನಾಳೆ ಇದೆ.

ಈಜು ಬಾರದವರು "ಟ್ರೈ ಡೈವ್", ಅಂದರೆ ಹೊಸಬರಿಗೆಂದೇ ಇರುವ ಡೈವ್, ಮಾಡಬಹುದು. ಗರಿಷ್ಠ ಆಳ 12 ಮೀಟರ್. ಒಬ್ಬರಿಗೆ ಒಬ್ಬ ಇನ್‌ಸ್ಟ್ರಕ್ಟರ್ ಇರಬೇಕು, ಇದನ್ನು ದುಡ್ಡು ಕೊಡುವ ಮುಂಚೆ ಕೇಳಿ. ಮೊದಲು ಆರೋಗ್ಯದ ಫಾರಂ ತುಂಬಬೇಕು. ಆಸ್ತಮಾ, ಮೂರ್ಛೆರೋಗ, ಹೃದಯದ ತೊಂದರೆ, ಕಿವಿಯ ಆಪರೇಷನ್ ಇವುಗಳಲ್ಲಿ ಒಂದಕ್ಕೆ "ಹೌದು" ಅಂತ ಬಂದರೆ ವೈದ್ಯರ ಪತ್ರ ಬೇಕು. ಅಲ್ಲಿ ಹೋಗಿ ಸುಳ್ಳು ಬರೆಯುವುದಕ್ಕಿಂತ ಇಲ್ಲೇ ಬೆಂಗಳೂರಿನಲ್ಲಿ ತೋರಿಸಿ ಪತ್ರ ತೆಗೆದುಕೊಂಡು ಹೋಗಿ.

ನಂತರ ಎದೆಮಟ್ಟದ ನೀರಿನಲ್ಲಿ ಮೂರು ವಿಷಯ ಕಲಿಸುತ್ತಾರೆ: ಬಾಯಿಯಿಂದ ಮಾತ್ರ ಉಸಿರಾಡುವುದು, ಮಾಸ್ಕಿನೊಳಗೆ ಬಂದ ನೀರನ್ನು ಮೂಗಿನಿಂದ ಊದಿ ಹೊರಹಾಕುವುದು, ಕಿವಿಯ ಒತ್ತಡ ಸರಿ ಮಾಡಿಕೊಳ್ಳುವುದು. ಹೊಸಬರ ಡೈವ್ ಕೆಡುವುದು ಬಹುಪಾಲು ಈ ಮೂರನೆಯದರಲ್ಲಿ. ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದಬೇಕು. ನೋವು ಬಂದ ಮೇಲಲ್ಲ, ಇಳಿಯಲು ಶುರು ಮಾಡಿದ ಕ್ಷಣದಿಂದ, ಪ್ರತಿ ಅರ್ಧ-ಮುಕ್ಕಾಲು ಮೀಟರಿಗೊಮ್ಮೆ. ನೋವು ಬಂದರೆ ಜೋರಾಗಿ ಊದಬೇಡಿ. ಸ್ವಲ್ಪ ಮೇಲಕ್ಕೆ ಬಂದು ಮತ್ತೆ ಪ್ರಯತ್ನಿಸಿ. ನೆಗಡಿ ಇದ್ದರೆ ಡೈವ್ ಬೇಡವೇ ಬೇಡ. ಮದುವೆ ಮನೆಯ ಐಸ್‌ಕ್ರೀಮು, ನಿದ್ದೆಗೇಡು, ಛತ್ರದ ಏಸಿ ಎಲ್ಲ ಸೇರಿ ನೆಗಡಿ ಬರುವ ಸಾಧ್ಯತೆ ಹೆಚ್ಚು, ಹಾಗಾಗಿ ಮುಂಗಡ ವಾಪಸ್ ಕೊಡುತ್ತಾರಾ ಅಂತ ಬರೆಹದಲ್ಲಿ ಕೇಳಿ.

ನೀರೊಳಗೆ ಉಸಿರು ಹಿಡಿಯಬಾರದು. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಅಲ್ಲಿ ಶ್ವಾಸಕೋಶಕ್ಕೆ ತುಂಬಿಕೊಂಡ ಗಾಳಿ ಮೇಲೆ ಬರುವಾಗ ಎರಡರಷ್ಟು ಹಿಗ್ಗುತ್ತದೆ. ಕೈಸನ್ನೆಯನ್ನೂ ಕಲಿತುಕೊಳ್ಳಿ. ಹೆಬ್ಬೆರಳು ಎತ್ತಿದರೆ "ಚೆನ್ನಾಗಿದೆ" ಅಲ್ಲ, "ಮೇಲಕ್ಕೆ ಹೋಗಬೇಕು" ಅಂತ ಅರ್ಥ. ಖುಷಿಗೆ ಹೆಬ್ಬೆರಳು ತೋರಿಸಿ ಐದೇ ನಿಮಿಷಕ್ಕೆ ಡೈವ್ ಮುಗಿಸಿಕೊಳ್ಳುವವರು ಬಹಳ. ಸರಿ ಇದೆ ಅನ್ನಲು ಹೆಬ್ಬೆರಳು-ತೋರುಬೆರಳು ಸೇರಿಸಿ ಸೊನ್ನೆ ಮಾಡಿ. ವರನಿಗೆ ಮೀಸೆ ದಪ್ಪವಿದ್ದರೆ ಮಾಸ್ಕಿನೊಳಗೆ ನೀರು ಒಸರುತ್ತಲೇ ಇರುತ್ತದೆ. ಮೂಗಿನ ಕೆಳಗೆ ಒಂದು ಸಣ್ಣ ಗೆರೆಯಷ್ಟು ಬೋಳಿಸಿದರೆ ನಿಲ್ಲುತ್ತದೆ.

ಒಡವೆ ಬಗ್ಗೆ. ಗಾಜಿನ ಬಳೆ ತೆಗೆದಿಡಿ, ದೋಣಿಯ ಏಣಿಗೆ ತಗುಲಿದರೆ ಒಡೆದು ಮಣಿಕಟ್ಟು ಕುಯ್ಯುತ್ತದೆ. ಕಾಲುಂಗುರದ ಸಂದಿಗೆ ಮರಳು ಸೇರಿ, ಮೇಲೆ ರಬ್ಬರ್ ಫಿನ್ (ಪಾದಕ್ಕೆ ಹಾಕುವ ಈಜುರೆಕ್ಕೆ) ಉಜ್ಜಿ ಚರ್ಮ ಸುಲಿಯುತ್ತದೆ. ಅದನ್ನೂ ತೆಗೆಯಿರಿ, ಇಲ್ಲವೇ ಬೆರಳಿಗೆ ಟೇಪ್ ಸುತ್ತಿ. ನಿಶ್ಚಿತಾರ್ಥದ ಉಂಗುರ ರೂಮಿನ ಲಾಕರಿನಲ್ಲೇ ಇರಲಿ, ತಂಪು ನೀರಿನಲ್ಲಿ ಬೆರಳು ಸಣ್ಣಗಾಗಿ ಜಾರಿದರೆ ಮರಳಲ್ಲಿ ಸಿಗುವುದಿಲ್ಲ. ತಾಳಿ ತೆಗೆಯಲು ಮನಸ್ಸಿಲ್ಲದಿದ್ದರೆ ತೆಗೆಯಬೇಕಿಲ್ಲ. ಉದ್ದನೆಯ ಚಿನ್ನದ ಸರವನ್ನು ಬೆಂಗಳೂರಲ್ಲೇ ಬಿಟ್ಟು ಗಿಡ್ಡ ಸರಕ್ಕೆ ಬದಲಾಯಿಸಿ, ಮೈಗಂಟಿ ಕುತ್ತಿಗೆವರೆಗೆ ಮುಚ್ಚುವ ಈಜಿನ ಅಂಗಿ, ಅಂದರೆ ರ‍್ಯಾಶ್‌ಗಾರ್ಡ್ ಒಳಗೆ ಹಾಕಿಕೊಳ್ಳಿ. ಕರಿಮಣಿ ದಾರದಲ್ಲಿ ಪೋಣಿಸಿದ್ದಾದರೆ ಹೊರಡುವ ಮುಂಚೆ ಹೊಸ ದಾರ ಹಾಕಿಸಿ. ಅಲ್ಲಿ ಪ್ರತಿ ಸಲ ಸಿಹಿನೀರಲ್ಲಿ ತೊಳೆಯಿರಿ, ಉಪ್ಪು ಒಣಗಿ ದಾರ ಸವೆಯುತ್ತದೆ.

ಬಸವನಗುಡಿ_ಜೋಡಿ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಟ್ರಾವೆಲ್ಸ್‌ನವರಿಗೆ ಬದಲಾಯಿಸೋಕೆ ಹೇಳ್ತೀವಿ. ಇನ್ನೊಂದು ಕೇಳಬೇಕಿತ್ತು, ಸ್ವಲ್ಪ ಸಂಕೋಚ. ಮದುವೆ ದಿನಕ್ಕೆ ಅಂತ ಮುಟ್ಟು ಮುಂದೂಡೋ ಮಾತ್ರೆ ತಗೋಬೇಕಾಗಬಹುದು. ಅದರಿಂದ ಪ್ರವಾಸಕ್ಕೆ ತೊಂದರೆ ಆಗತ್ತಾ? ಫೆರಿಯಲ್ಲಿ ವಾಂತಿ ಬರೋರಿಗೆ ಏನು ಮಾಡೋದು?

ಔಷಧದ_ಕಪಾಟು

ಸಂಕೋಚ ಬೇಡಮ್ಮ. ಇದನ್ನು ಮೊದಲೇ ಲೆಕ್ಕ ಹಾಕದೆ ಹೋದರೆ ಅಲ್ಲಿ ಹೋಗಿ ಪೇಚಾಡುವುದು ನೀವೇ.

ಸಾಮಾನ್ಯವಾಗಿ ಕೊಡುವುದು ನಾರ್‌ಎಥಿಸ್ಟೆರಾನ್ 5 ಮಿಲಿಗ್ರಾಂ, ದಿನಕ್ಕೆ ಮೂರು ಸಲ, ಮುಟ್ಟಾಗುವ ದಿನಕ್ಕೆ ಮೂರು ದಿನ ಮುಂಚಿನಿಂದ. ನಿಲ್ಲಿಸಿದ ಎರಡು-ಮೂರು ದಿನಕ್ಕೆ ಮುಟ್ಟು ಬರುತ್ತದೆ. ಈಗ ನಿಮ್ಮ ದಿನಗಳಿಗೆ ಹೊಂದಿಸಿ ನೋಡಿ: ಭಾನುವಾರ ಮದುವೆ ಮುಗಿಸಿ ಸೋಮವಾರ ನಿಲ್ಲಿಸಿದರೆ ಬುಧವಾರ-ಗುರುವಾರ, ಅಂದರೆ ಸರಿಯಾಗಿ ವಿಮಾನ ಹತ್ತುವ ಹೊತ್ತಿಗೆ. ಪ್ರವಾಸ ಮುಗಿಯುವವರೆಗೆ ಎಳೆಯೋಣ ಅಂತ ನೀವೇ ತೀರ್ಮಾನ ಮಾಡಬೇಡಿ. ಎಷ್ಟು ದಿನ ತೆಗೆದುಕೊಳ್ಳಬಹುದು ಅನ್ನುವುದನ್ನು ಸ್ತ್ರೀರೋಗ ತಜ್ಞರು ಹೇಳಬೇಕು. ರಕ್ತ ಹೆಪ್ಪುಗಟ್ಟುವ ತೊಂದರೆ ನಿಮಗೋ ಮನೆಯವರಿಗೋ ಇದ್ದರೆ, ಮೈಗ್ರೇನ್ ಇದ್ದರೆ, ಅದನ್ನು ಮೊದಲೇ ತಿಳಿಸಿ. ಮದುವೆಗೆ ಎರಡು ತಿಂಗಳು ಇರುವಾಗಲೇ ಹೋದರೆ ಇಡೀ ಚಕ್ರವನ್ನೇ ಹಿಂದೆ-ಮುಂದೆ ಮಾಡುವ ದಾರಿ ಅವರ ಬಳಿ ಇರುತ್ತದೆ. ಇನ್ನೊಂದು, ಈ ಮಾತ್ರೆ ಗರ್ಭನಿರೋಧಕವಲ್ಲ. ಅದಕ್ಕೆ ಬೇರೆ ವ್ಯವಸ್ಥೆ ಬೇಕಿದ್ದರೆ ಇಲ್ಲಿಂದಲೇ ಒಯ್ಯಿರಿ.

ಮದುವೆಯಾದ ಹೊಸದರಲ್ಲಿ ಹೆಣ್ಣುಮಕ್ಕಳಿಗೆ ಉರಿಮೂತ್ರ ಬರುವುದು ಬಹಳ ಸಾಮಾನ್ಯ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಕೂಡಿದ ನಂತರ ಮೂತ್ರ ಮಾಡಿ ಬನ್ನಿ, ದಿನವಿಡೀ ನೀರು ಕುಡಿಯಿರಿ, ಒದ್ದೆ ಬಟ್ಟೆಯಲ್ಲಿ ಗಂಟೆಗಟ್ಟಲೆ ಕೂರಬೇಡಿ. ಫೆರಿಯಲ್ಲಿ ಶೌಚಾಲಯಕ್ಕೆ ಹೋಗಲು ಬೇಸರವೆಂದು ನೀರೇ ಕುಡಿಯದೆ ಕೂರುವುದು ದೊಡ್ಡ ತಪ್ಪು. ಉರಿಯ ಜೊತೆ ಜ್ವರ, ಬೆನ್ನುನೋವು ಬಂದರೆ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಆಂಟಿಬಯಾಟಿಕ್ ಬೇಕಾಗಬಹುದೇ ಅಂತ ಹೊರಡುವ ಮುಂಚೆ ವೈದ್ಯರನ್ನೇ ಕೇಳಿ ಚೀಟಿ ಬರೆಸಿಕೊಳ್ಳಿ. ಚಿಕ್ಕ ದ್ವೀಪಗಳಲ್ಲಿ ಔಷಧಿ ಅಂಗಡಿ ಬೆರಳೆಣಿಕೆಯಷ್ಟು.

ಫೆರಿಯ ವಾಂತಿಗೆ ಅವೋಮಿನ್‌ನಂಥ ಮಾತ್ರೆಯನ್ನು ಹೊರಡುವ ಒಂದೆರಡು ಗಂಟೆ ಮುಂಚೆ ತೆಗೆದುಕೊಳ್ಳಬೇಕು. ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಅದೂ ಹೊರಬರುತ್ತದೆ. ಅದು ನಿದ್ದೆ ತರಿಸುತ್ತದೆ, ಹಾಗಾಗಿ ಅದನ್ನು ನುಂಗಿದ ದಿನ ಸ್ಕೂಬಾ ಇಲ್ಲ, ಸ್ಕೂಟರ್ ಓಡಿಸುವುದೂ ಇಲ್ಲ. ಖಾಲಿ ಹೊಟ್ಟೆ ಬೇಡ, ಎರಡು ಇಡ್ಲಿ ಸಾಕು. ಕೂರುವುದು ಕೆಳಗಿನ ಅಂತಸ್ತಿನ ಮಧ್ಯದಲ್ಲಿ ಅಥವಾ ಹಿಂದುಗಡೆ, ಮುಂದಿನ ತುದಿ ಹೆಚ್ಚು ಎತ್ತಿಹಾಕುತ್ತದೆ. ಫೋನ್ ನೋಡಬೇಡಿ, ಕಿಟಕಿಯಾಚೆ ದೂರದ ನೀರಿನ ಗೆರೆ ನೋಡಿ.

ಮದುವೆಗೆ ಮುಂಚೆ ಬ್ಲೀಚ್, ವ್ಯಾಕ್ಸಿಂಗ್ ಮಾಡಿಸಿದ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಎಸ್‌ಪಿಎಫ್ 50ರ ಸನ್‌ಸ್ಕ್ರೀನ್ ಎರಡು ಗಂಟೆಗೊಮ್ಮೆ ಹಚ್ಚಿ. ಸ್ನಾರ್ಕೆಲ್ ಮಾಡುವಾಗ (ಮುಖ ನೀರೊಳಗಿಟ್ಟು ತೇಲುವಾಗ) ಬೆನ್ನು ಆಕಾಶಕ್ಕೆ ತೆರೆದಿರುತ್ತದೆ, ತಂಪು ನೀರಿನಲ್ಲಿ ಸುಡುವುದು ಗೊತ್ತೇ ಆಗುವುದಿಲ್ಲ. ತುಂಬುತೋಳಿನ ಬಟ್ಟೆ ಹಾಕಿ. ಸಂಜೆ ಮರಳಲ್ಲಿ ಕೂತರೆ ಮರಳು ನೊಣ ಕಚ್ಚುತ್ತದೆ. ಕಾಣುವುದಿಲ್ಲ, ಆದರೆ ಕೆರೆತ ಒಂದು ವಾರ ಇರುತ್ತದೆ. ಸೊಳ್ಳೆಗೆ ಹಚ್ಚುವ ಕ್ರೀಮನ್ನೇ ಪಾದ, ಕಣಕಾಲಿಗೆ ಬಳಿಯಿರಿ, ಬರೀ ನೆಲದ ಮೇಲೆ ಮಲಗಬೇಡಿ.

ಬಿಲ್ಲು_ಬಾಕಿ

ಮಾಲ್ಡೀವ್ಸ್ ಪ್ರಶ್ನೆಗೆ ಉತ್ತರ. ಬೆಂಗಳೂರಿಂದ ಅಲ್ಲಿನ ರಾಜಧಾನಿ ಮಾಲೆಗೆ ವಿಮಾನ ಸುಮಾರು ಎರಡು ಗಂಟೆ, ಭಾರತೀಯರಿಗೆ ಮುಂಚಿತ ವೀಸಾ ಬೇಡ. ಹೊರಡುವ ಮುಂಚಿನ 96 ಗಂಟೆಯೊಳಗೆ ಇಮೂಗಾ ಅನ್ನುವ ಫಾರಂ ಆನ್‌ಲೈನ್ ತುಂಬಬೇಕು. ಅದು ಉಚಿತ, ದುಡ್ಡು ಕೇಳುವ ಸೈಟು ನಕಲಿ.

"ಇದೇ ದುಡ್ಡಿಗೆ" ಅನ್ನುವುದು ರೂಮಿನ ಬಾಡಿಗೆ ಮಾತ್ರ ನೋಡಿದರೆ ನಿಜ ಅನ್ನಿಸಬಹುದು. ಬೆಲೆಯ ಪಕ್ಕ ಎರಡು ಪ್ಲಸ್ ಗುರುತು ಇದ್ದರೆ ಮೇಲೆ 10% ಸೇವಾ ಶುಲ್ಕ, ಆ ಮೊತ್ತದ ಮೇಲೆ 17% ತೆರಿಗೆ (2025ರ ಜುಲೈನಿಂದ). 100 ಡಾಲರ್ ಅಂತ ಬರೆದದ್ದು 128 ಡಾಲರ್ 70 ಸೆಂಟ್ ಆಗುತ್ತದೆ. ಮೇಲೆ ಹಸಿರು ತೆರಿಗೆ: ರೆಸಾರ್ಟಿನಲ್ಲಿ ತಲೆಗೆ ದಿನಕ್ಕೆ 12 ಡಾಲರ್, ಜನವಸತಿ ದ್ವೀಪದ ಚಿಕ್ಕ ಗೆಸ್ಟ್‌ಹೌಸ್‌ನಲ್ಲಿ 6. ಇಬ್ಬರಿಗೆ 5 ರಾತ್ರಿ ಅಂದರೆ 120 ಅಥವಾ 60. ಇದಾದ ಮೇಲೆ ಬರುತ್ತದೆ ನಿಜವಾದ ಹೊಡೆತ, ದ್ವೀಪಕ್ಕೆ ಹೋಗುವ ಖರ್ಚು. ಸೀಪ್ಲೇನ್ (ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನ) ಆದರೆ ತಲೆಗೆ ನೂರಾರು ಡಾಲರ್. ಅದು ಹಗಲಲ್ಲಿ ಮಾತ್ರ ಹಾರುತ್ತದೆ. ನಿಮ್ಮ ವಿಮಾನ ಮಧ್ಯಾಹ್ನ ಮೂರೂವರೆಯ ನಂತರ ಇಳಿದರೆ ಆ ರಾತ್ರಿ ವಿಮಾನ ನಿಲ್ದಾಣದ ಪಕ್ಕದ ಹುಲ್ಹುಮಾಲೆಯಲ್ಲೇ ಕಳೆಯಬೇಕು, ಅದರ ಬಾಡಿಗೆಯೂ ನಿಮ್ಮದೇ. ಖರ್ಚು ಉಳಿಸಬೇಕಾದರೆ ಸ್ಪೀಡ್‌ಬೋಟ್ ಹೋಗುವ ಹತ್ತಿರದ ದ್ವೀಪ ಹಿಡಿಯಿರಿ. ಮಾಫುಶಿಯಂಥ ಊರಿರುವ ದ್ವೀಪ ಅಗ್ಗ. ಆದರೆ ಅಲ್ಲಿ ಈಜುಡುಗೆ ಅದಕ್ಕೆಂದೇ ಗೊತ್ತುಮಾಡಿದ ಬೀಚಿನಲ್ಲಿ ಮಾತ್ರ, ಉಳಿದ ಕಡೆ ಮೈ ಮುಚ್ಚುವ ಬಟ್ಟೆ ಬೇಕು.

ಮನೆಯಲ್ಲಿ ಹಿರಿಯರು ಬ್ಯಾಗಿನಲ್ಲಿ ಪುಟ್ಟ ಗಣಪತಿ ಇಟ್ಟು ಕಳಿಸಿದರೆ ಅದನ್ನು ತೆಗೆದಿಟ್ಟು ಹೋಗಿ. ಪೂಜೆಯ ವಿಗ್ರಹಗಳನ್ನು ಆ ದೇಶದೊಳಗೆ ಒಯ್ಯುವಂತಿಲ್ಲ, ಮದ್ಯವನ್ನೂ ಒಯ್ಯುವಂತಿಲ್ಲ. ಮದುವೆಯ ನಂತರ ಹೆಸರು ಬದಲಿಸುವ ಯೋಚನೆ ಇದ್ದರೆ ಪ್ರವಾಸ ಮುಗಿದ ಮೇಲೆ ಅರ್ಜಿ ಹಾಕಿ. ಟಿಕೆಟ್ಟಿನ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ಅಕ್ಷರ ಅಕ್ಷರ ಹೊಂದಬೇಕು. ವಿದೇಶಿ ಪ್ಯಾಕೇಜಿಗೆ ಟ್ರಾವೆಲ್ಸ್‌ನವರು ಟಿಸಿಎಸ್ (ದುಡ್ಡು ಕಟ್ಟುವಾಗಲೇ ವಸೂಲು ಮಾಡುವ ತೆರಿಗೆ) ಹಿಡಿಯುತ್ತಾರೆ. ಪ್ಯಾನ್ ಸರಿಯಾಗಿ ಕೊಡಿ, ಅದು ನಿಮ್ಮ ಆದಾಯ ತೆರಿಗೆಯ ಲೆಕ್ಕದಲ್ಲಿ ಕಾಣಿಸುತ್ತದೆ, ರಿಟರ್ನ್ ಸಲ್ಲಿಸುವಾಗ ನಿಮ್ಮ ತೆರಿಗೆಗೆ ಹೊಂದಿಸಿಕೊಳ್ಳಬಹುದು.

ನನ್ನ ಅಭಿಪ್ರಾಯ: ರೂಮಿನ ಬಾಗಿಲು ತೆರೆದರೆ ನೀರು, ನಾಲ್ಕು ದಿನ ಎಲ್ಲೂ ಓಡಾಡಬಾರದು ಅಂತಿದ್ದರೆ ಮಾಲ್ಡೀವ್ಸ್. ಸುತ್ತಾಡಬೇಕು, ಇಡ್ಲಿ-ಸಾಂಬಾರ್ ಸಿಗಬೇಕು ಅಂದರೆ ಅಂಡಮಾನ್.

ಉಬ್ಬರ_ಇಳಿತ

ಯಾರೂ ಹೇಳದ ಒಂದು ವಿಷಯ ಇದೆ, ಅದು ಸಮುದ್ರದ ಉಬ್ಬರ-ಇಳಿತ. ನೀಲ್‌ನ ಕಲ್ಲಿನ ಸೇತುವೆ ನೋಡಲು ಇಳಿತವಿರಬೇಕು, ಉಬ್ಬರದಲ್ಲಿ ಆ ಬಂಡೆಗಳ ದಾರಿಯೇ ನೀರಲ್ಲಿ ಮುಳುಗಿರುತ್ತದೆ. ಅದೇ ದ್ವೀಪದ ಭರತ್‌ಪುರ ಬೀಚಿನಲ್ಲಿ ನೀರಾಟಕ್ಕೆ ಉಬ್ಬರ ಬೇಕು, ಇಳಿತದಲ್ಲಿ ಮೊಣಕಾಲುದ್ದ ನೀರು, ಕೆಳಗೆ ಹವಳ. ಪೋರ್ಟ್ ಬ್ಲೇರ್‌ನ ಉಬ್ಬರ-ಇಳಿತದ ವೇಳಾಪಟ್ಟಿ ಆನ್‌ಲೈನ್ ಸಿಗುತ್ತದೆ, ನಿಮ್ಮ ದಿನಗಳದ್ದು ತೆಗೆದಿಟ್ಟುಕೊಳ್ಳಿ. ಒಂದು ಇಳಿತದಿಂದ ಮುಂದಿನ ಉಬ್ಬರಕ್ಕೆ ಆರು ಗಂಟೆ ಚಿಲ್ಲರೆ. ದಿನದಿಂದ ದಿನಕ್ಕೆ ಈ ಹೊತ್ತು ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ವ್ಯತ್ಯಾಸ ಅತಿ ಹೆಚ್ಚು, ಅಷ್ಟಮಿಯ ಹೊತ್ತಿಗೆ ಕಡಿಮೆ. ಪ್ಯಾಕೇಜಿನವರು ಎಲ್ಲರಿಗೂ ಒಂದೇ ಗಂಟೆ ಬರೆದಿರುತ್ತಾರೆ, ಚಂದ್ರನನ್ನು ನೋಡಿ ಬರೆದಿರುವುದಿಲ್ಲ.

ಮೊಸಳೆ ಎಚ್ಚರಿಕೆಯ ಫಲಕ ಇರುವ ಕಡೆ, ಹೊಳೆ ಬಂದು ಸಮುದ್ರ ಸೇರುವ ಕಡೆ ನೀರಿಗೆ ಇಳಿಯಲೇಬೇಡಿ. ಅಲ್ಲಿ ಉಪ್ಪುನೀರಿನ ಮೊಸಳೆ ನಿಜವಾಗಿಯೂ ಇದೆ, ರಾಧಾನಗರದ ಕಡೆ 2010ರಲ್ಲಿ ಸಾವು ಸಂಭವಿಸಿದೆ. ಹವಳದ ತುಂಡು ದಡದಲ್ಲಿ ಬಿದ್ದಿದ್ದರೂ ಎತ್ತಿಕೊಳ್ಳಬೇಡಿ. ವನ್ಯಜೀವಿ ಕಾಯ್ದೆಯಡಿ ಅಪರಾಧ, ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಸಿಕ್ಕಿಬೀಳುತ್ತದೆ.

ಊಟಕ್ಕೆ ಚಿಂತೆ ಇಲ್ಲ. ಪೋರ್ಟ್ ಬ್ಲೇರ್‌ನಲ್ಲಿ ತಮಿಳರು ಬಹಳ, ದೋಸೆ-ಇಡ್ಲಿ ಹೋಟೆಲು ಸುಲಭವಾಗಿ ಸಿಗುತ್ತದೆ. ಹ್ಯಾವ್‌ಲಾಕ್‌ನಲ್ಲೂ ಶುದ್ಧ ಸಸ್ಯಾಹಾರಿ ಊಟ ಇದೆ. ಬೆಳಗಿನ ಫೆರಿಯ ದಿನ ಹೋಟೆಲ್ ಅಡುಗೆಮನೆ ತೆರೆದಿರುವುದಿಲ್ಲ, ಹಿಂದಿನ ರಾತ್ರಿಯೇ ತಿಂಡಿ ಕಟ್ಟಿಕೊಡಲು ಹೇಳಿ. ಚಟ್ನಿಪುಡಿ, ನಿಪ್ಪಟ್ಟು, ಹುರಿದ ಅವಲಕ್ಕಿ ಒಯ್ಯಿರಿ. ಮದುವೆಯಲ್ಲಿ ಬಂದ ಕೊಬ್ಬರಿ ಗಿಟುಕು ಮಾತ್ರ ಬೇಡ. ಅದು ಬೇಗ ಹೊತ್ತಿಕೊಳ್ಳುವ ವಸ್ತು, ವಿಮಾನದಲ್ಲಿ ಬಿಡುವುದಿಲ್ಲ. ನಗದು ಇಲ್ಲಿಂದಲೇ ಇಟ್ಟುಕೊಳ್ಳಿ, ದ್ವೀಪಗಳಲ್ಲಿ ಎಟಿಎಂ ಕಡಿಮೆ, ನೆಟ್‌ವರ್ಕ್ ಬಿದ್ದರೆ ಯುಪಿಐ ನಡೆಯುವುದಿಲ್ಲ.

ರಜೆ ಮುಂದೂಡಲು ಸಾಧ್ಯವಿದ್ದರೆ ಸಂಕ್ರಾಂತಿ ಕಳೆದ ಮೇಲೆ ಹೋಗುವುದು ನವೆಂಬರ್ ಕೊನೆಗಿಂತ ಎಷ್ಟೋ ವಾಸಿ. ಜನವರಿ ಕೊನೆಯಿಂದ ಏಪ್ರಿಲ್‌ವರೆಗೆ ಸಮುದ್ರ ಶಾಂತ, ನೀರು ತಿಳಿ.

ಬಸವನಗುಡಿ_ಜೋಡಿ

ಮನೇಲಿ ಮಾತಾಡಿದ್ವಿ. ರಜೆ ಈಗಾಗಲೇ ಮಂಜೂರಾಗಿದೆ, ಮುಂದೂಡೋಕೆ ಆಗಲ್ಲ. ಪ್ಲ್ಯಾನ್ ಹೀಗೆ ಬದಲಾಯಿಸಿದೀವಿ: 1 ಪೋರ್ಟ್ ಬ್ಲೇರ್. 2 ಬೆಳಗಿನ ಫೆರಿಗೆ ಹ್ಯಾವ್‌ಲಾಕ್, ಮಧ್ಯಾಹ್ನ ರಾಧಾನಗರ. 3 ಬೆಳಗ್ಗೆ ಸ್ಕೂಬಾ. 4 ಎಲಿಫೆಂಟ್ ಬೀಚ್. 5 ನೀಲ್. 6 ಸಂಜೆ ಫೆರಿಗೆ ಪೋರ್ಟ್ ಬ್ಲೇರ್. 7 ವಿಮಾನ.

ತೀರದ_ದಾರಿ

ಚೆನ್ನಾಗಿದೆ. ಒಂದೇ ಬದಲಾವಣೆ: 6ನೇ ದಿನ ಸಂಜೆಯದಲ್ಲ, ಮಧ್ಯಾಹ್ನಕ್ಕೆ ಮುಂಚಿನ ಫೆರಿ ಹಿಡಿಯಿರಿ. ಅದು ರದ್ದಾದರೆ ಸಂಜೆಯದಕ್ಕೆ ಹತ್ತಲು ಅವಕಾಶ ಇರುತ್ತದೆ. ಸಂಜೆಯದೇ ರದ್ದಾದರೆ ಅದರ ಹಿಂದೆ ಇನ್ನೊಂದು ಇರುವುದಿಲ್ಲ.

4ನೇ ದಿನ ಎಲಿಫೆಂಟ್ ಬೀಚಿಗೂ ಬೆಳಗಿನ ಮೊದಲ ದೋಣಿಗೇ ಹೋಗಿ.